ಬಾಗಿದ ಅಲಗಿಗೆ ಸಾಣೆ

ಹಳೆಯ ಕ್ಷೌರದ ಕತ್ತಿಯೊಂದನ್ನು ಸಮತಟ್ಟಾದ ಸಾಣೆಕಲ್ಲಿನ ಮೇಲೆ ಎಷ್ಟು ಮಸೆದರೂ ಅದರ ತುದಿ, ಬುಡಗಳು ಹರಿತವಾದವೇ ಹೊರತು ನಡುಭಾಗ ಮೊಂಡಾಗಿಯೇ ಉಳಿಯಿತು. ಅಂಚಿನುದ್ದಕ್ಕೂ ಮಾರ್ಕರ್ ಪೆನ್ನಿನ ಕಪ್ಪು ಬಳಿದು, ಒತ್ತಡ ಹಾಕದೆ ಎರಡು ಸಲ ಮಸೆದಾಗ ಕಾರಣ ಕಣ್ಣಿಗೆ ಬಿತ್ತು: ಒಂದು ಮಗ್ಗುಲಲ್ಲಿ ನಡುವಿನ ಮಸಿ ಹಾಗೆಯೇ ಇತ್ತು, ಇನ್ನೊಂದರಲ್ಲಿ ನಡುವಿನದು ಮಾತ್ರ ಅಳಿಸಿತ್ತು. ಅಲಗೇ ಬಾಗಿತ್ತು. ಅದನ್ನು ಒತ್ತಿ ನೇರಗೊಳಿಸಲು ಹೋಗಬಾರದು. ಗಡಸು ಉಕ್ಕು ಬಗ್ಗುವ ಬದಲು ಮುರಿಯುತ್ತದೆ. ಸಾಣೆಯ ಕೋನವನ್ನು ನಿರ್ಧರಿಸುವುದು ಕತ್ತಿಯ ಬೆನ್ನೇ (ಅಂಚಿಗೆ ಎದುರಿನ ದಪ್ಪ ಬದಿ) ಆದ್ದರಿಂದ, ಬೆನ್ನನ್ನು ಕಲ್ಲಿನಿಂದ ಎತ್ತದೆ, ಭಾರವನ್ನು ಬುಡದಿಂದ ತುದಿಯತ್ತ ಮೆಲ್ಲನೆ ಹೊರಳಿಸುತ್ತ ಓರೆಯಾಗಿ ಸಾಗಿಸಬೇಕು. ಒಳಬಾಗಿದ ಮಗ್ಗುಲಿಗಂತೂ ಅಗಲವಾದ ಕಲ್ಲಿಗಿಂತ ಸುಮಾರು 1 ಇಂಚು ಅಗಲದ ಕಿರಿದಾದ ಕಲ್ಲೇ ಲೇಸು. ಬೆನ್ನಿನ ಸವೆತದ ಗೆರೆ ಸೊಟ್ಟಗಾಯಿತು, ಅಂದವೇನೂ ಇಲ್ಲ. ಆದರೆ ಮುಂಗೈಯ ಕೂದಲನ್ನು ಈಗ ನಡುಭಾಗವೂ ಬೋಳಿಸುತ್ತಿದೆ.