ಕೊನೆಗೂ ಕಂಡ ನವರಂಗ

ಮೈತುಂಬ ಬಣ್ಣ ಇರುವ ಹಕ್ಕಿಯನ್ನು ಹುಡುಕುವುದು ಸುಲಭ ಅನಿಸುತ್ತದೆ ಅಲ್ವಾ? ನವರಂಗದ ವಿಷಯದಲ್ಲಿ ಅದು ಸುಳ್ಳು. ಹಸಿರು ಬೆನ್ನು ಪೊದೆಯ ನೆರಳಲ್ಲಿ, ತಿಳಿಕಂದು ಎದೆ ಒಣಗಿದ ಎಲೆಗಳಲ್ಲಿ ಕರಗಿಹೋಗುತ್ತದೆ. ಚಳಿಗಾಲಕ್ಕೆ ದಕ್ಷಿಣ ಭಾರತಕ್ಕೆ ಬರುವ ಈ ಹಕ್ಕಿ ನೆಲದಲ್ಲೇ ಕುಪ್ಪಳಿಸುತ್ತಾ, ಕೊಕ್ಕಿನಿಂದ ತರಗೆಲೆ ಮಗುಚಿ ಹುಳ ಹುಡುಕುತ್ತದೆ. ಬೆಳಗ್ಗೆ, ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಜಾಸ್ತಿ. ಸಿಳ್ಳೆಯ ಹಿಂದೆ ಓಡಿದರೆ ಸಿಗುವುದಿಲ್ಲ, ಸುಮ್ನೆ ಕೂರಬೇಕು. ಹಾಗೆ ಕೂತಿದ್ದಾಗ ಬಿದಿರಿನ ಬುಡದಲ್ಲಿ ಎಲೆ ಸರಪರ ಅಂದಿತು, ಓತಿಕ್ಯಾತ ಇರಬೇಕು ಅಂದುಕೊಂಡೆ, ನೋಡಿದರೆ ಕಣ್ಣಿನ ಮೇಲೆ ಕಪ್ಪು ಪಟ್ಟಿ, ಬಾಲದ ಕೆಳಗೆ ಕೆಂಪು, ಮೊಂಡು ಬಾಲ ಆಡಿಸುತ್ತಾ ನಿಂತಿದೆ! ಕ್ಯಾಮೆರಾ ಎತ್ತುವಷ್ಟರಲ್ಲಿ ರೆಕ್ಕೆಯ ನೀಲಿ ಮಿಂಚಿ ಮಾಯ. ಫೋಟೋ ಇಲ್ಲ. ಕೂಗಿನ ರೆಕಾರ್ಡಿಂಗ್ ಹಾಕಿ, ಹಕ್ಕಿಗೆ ಮೋಸ ಮಾಡಿ ತೆಗೆಯುವ ಫೋಟೋ ನನಗೆ ಬೇಡವೇ ಬೇಡ.