ಬ್ಯಾಲೆನ್ಸ್ ಹೇಗೆ ಮಾಡ್ತೀರಿ? ಮಾಡಲ್ಲ.

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಮದುವೆಯಾಗಿದೆ, ಒಬ್ಬಳು ಮಗಳಿದ್ದಾಳೆ, ಅವಳಿಗೀಗ ಒಂಬತ್ತು. ಇಷ್ಟು ಗೊತ್ತಾದ ಕೂಡಲೇ ಎದುರಿಗಿರುವವರು ತಲೆಯನ್ನು ಸ್ವಲ್ಪ ಓರೆ ಮಾಡಿ, ದನಿ ಮೆತ್ತಗೆ ಮಾಡಿಕೊಂಡು ಕೇಳುತ್ತಾರೆ: "ಮನೆ, ಮಗು, ಕಲೆ, ನಿಮ್ಮ ಸ್ವಂತ ಬೆಳವಣಿಗೆ... ಎಲ್ಲಾ ಹೇಗೆ ಬ್ಯಾಲೆನ್ಸ್ ಮಾಡ್ತೀರಿ?"

ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಿ ಅನ್ನುತ್ತೇನೆ.

ಉತ್ತರ: ಮಾಡಲ್ಲ.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ "ಅಯ್ಯೋ, ಎಷ್ಟು ವಿನಯ ನಿಮಗೆ" ಅನ್ನುವವರು ಇದ್ದೇ ಇರುತ್ತಾರೆ. ವಿನಯ ಅಲ್ಲ. ಆ ಮಾತೇ ನನಗೆ ಆಗಿಬರುವುದಿಲ್ಲ. ತಕ್ಕಡಿ ಸಮ ನಿಲ್ಲಬೇಕಾದರೆ ತಟ್ಟೆಯಲ್ಲಿರುವುದು ಅಲುಗಾಡದೆ ಕೂತಿರಬೇಕು. ಬೆಲ್ಲ ಕೂರುತ್ತದೆ, ಅಕ್ಕಿ ಕೂರುತ್ತದೆ. ಕಪ್ಪೆ ಕೂರುತ್ತದಾ? ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ ಅಂತ ಗಾದೆ ಮಾಡಿದವರ ಮನೆಯಲ್ಲಿ ಖಂಡಿತ ಎರಡು ವರ್ಷದ ಮಗು ಮತ್ತು ಶುಕ್ರವಾರದ ಡೆಡ್‌ಲೈನ್ ಎರಡೂ ಇದ್ದವು.

ಆದರೂ ತಪ್ಪು ನನ್ನದೂ ಇದೆ. ಮೂರು ವರ್ಷದ ಹಿಂದೆ ಒಂದು ಕಾರ್ಯಕ್ರಮದಲ್ಲಿ ವೇದಿಕೆ ಮೇಲೆ ನಾವು ಮೂವರಿದ್ದೆವು. ಒಬ್ಬ ಕಥೆಗಾರ, ಒಬ್ಬ ಪ್ರಕಾಶಕ, ನಾನು. ನಿರೂಪಕಿ ಕಥೆಗಾರನಿಗೆ ಪಾತ್ರಗಳ ಬಗ್ಗೆ ಕೇಳಿದಳು, ಪ್ರಕಾಶಕರಿಗೆ ಮಾರಾಟದ ಬಗ್ಗೆ. ನನಗೆ ಏನು ಕೇಳಿದಳು ಅಂತ ಬೇರೆ ಹೇಳಬೇಕಾಗಿಲ್ಲ. (ಕಥೆಗಾರನಿಗೆ ಮೂರು ಮಕ್ಕಳು. ಅವನು ಹೇಗೆ ಬ್ಯಾಲೆನ್ಸ್ ಮಾಡುತ್ತಾನೆ ಅನ್ನುವ ಕುತೂಹಲ ಆ ಸಭೆಯಲ್ಲಿ ಯಾರಿಗೂ ಇರಲಿಲ್ಲ. ನನಗಿತ್ತು.) ಅವತ್ತು ನಾನು "ಮನಸ್ಸಿದ್ದರೆ ಮಾರ್ಗ" ಅಂದುಬಿಟ್ಟೆ. ಬೆಳಗ್ಗೆ ನಾಲ್ಕಕ್ಕೆ ಏಳುತ್ತೇನೆ, ಮನೆ ಮಲಗಿರುವಾಗ ಕೆಲಸ ಮುಗಿಸುತ್ತೇನೆ, ಆಮೇಲೆ ದಿನವೆಲ್ಲಾ ಮಗಳದು ಅಂದೆ. ಜನ ಚಪ್ಪಾಳೆ ಹೊಡೆದರು. ಮೂರನೇ ಸಾಲಿನಲ್ಲಿ ಒಬ್ಬ ಹುಡುಗಿ ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬರೆದು, ಕೆಳಗೆ ಗೆರೆ ಬೇರೆ ಎಳೆದಳು. ನಾನು ನೋಡಿದೆ. ಖುಷಿಯೂ ಆಯಿತು.

ಸುಮಾರು ಆರು ತಿಂಗಳಾದ ಮೇಲೆ ಅವಳ ಫೋನ್ ಬಂತು. ಆಫೀಸಿನ ಕೆಲಸದಲ್ಲಿದ್ದಾಳೆ, ಮದುವೆಯಾಗಿ ನಾಲ್ಕು ವರ್ಷ, ಒಂದು ಕಾದಂಬರಿ ಅರ್ಧ ಬರೆದಿದ್ದಾಳೆ, ಎರಡೂ ಮನೆಯವರು ಮಗು ಯಾವಾಗ ಅಂತ ಕೇಳುತ್ತಿದ್ದಾರೆ. "ಮೇಡಂ, ನೀವು ಹೇಳಿದ ಹಾಗೆ ಐದು ತಿಂಗಳು ನಾಲ್ಕು ಗಂಟೆಗೆ ಎದ್ದೆ. ಮಗು ಆದಮೇಲೆ ಬರೆಯೋಕೆ ಆಗುತ್ತಾ ಅಂತ ನೋಡಬೇಕಿತ್ತು. ಮಗು ಇಲ್ಲದೇನೇ ಆಗ್ತಿಲ್ಲ. ಆಫೀಸಲ್ಲಿ ತೂಕಡಿಸ್ತೀನಿ. ನನ್ನಲ್ಲೇ ಏನೋ ಕೊರತೆ ಇದೆ ಅಲ್ವಾ?"

ನನ್ನ ಬಾಯಿ ಒಣಗಿತು. ಯಾಕೆಂದರೆ ನಾನು ನಾಲ್ಕಕ್ಕೆ ಎದ್ದದ್ದು ನಿಜ, ಹನ್ನೊಂದು ದಿನ. ಹನ್ನೆರಡನೇ ದಿನ ಮಗಳಿಗೆ ಕೆಮ್ಮು ಶುರುವಾಯಿತು, ನಾಲ್ಕು ಗಂಟೆ ಅಲ್ಲಿಗೆ ಮುಗಿಯಿತು. ಮಿಕ್ಕಿದ್ದನ್ನು ನಾನು ಹೇಳಿಯೇ ಇರಲಿಲ್ಲ. ಮಗಳು ಹುಟ್ಟಿದ ಮೊದಲ ಎರಡು ವರ್ಷ ಅತ್ತೆ ನಮ್ಮ ಜೊತೆಗಿದ್ದರು. ನಾನು ಕೋಣೆ ಬಾಗಿಲು ಹಾಕಿಕೊಂಡರೆ ಅದು ಮುಚ್ಚಿಯೇ ಇರುತ್ತಿದ್ದುದು ಅವರು ಹೊರಗೆ ಮಗುವನ್ನು ಎತ್ತಿಕೊಂಡು ಓಡಾಡುತ್ತಿದ್ದುದರಿಂದ. ಅವರಿಗೆ ಮಂಡಿನೋವು. ರಾತ್ರಿ ಮಗುವನ್ನು ನೋಡಿಕೊಳ್ಳುವ ಪಾಳಿ ಗಂಡನದು. ಅಷ್ಟೆಲ್ಲಾ ಇದ್ದೂ ಆ ಎರಡು ವರ್ಷದಲ್ಲಿ ನಾಲ್ಕು ಪುಸ್ತಕ ಬಿಟ್ಟುಕೊಟ್ಟೆ, ಮಾಡಿದ್ದು ಒಂದು. ಈ ಲೆಕ್ಕವನ್ನು ವೇದಿಕೆ ಮೇಲೆ ಹೇಳಿದ್ದರೆ ಚಪ್ಪಾಳೆ ಬರುತ್ತಿರಲಿಲ್ಲ, ಆದರೆ ಆ ಹುಡುಗಿ ಐದು ತಿಂಗಳು ನಿದ್ದೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಬೆಳಗಿನ ಜಾವ ಎದ್ದು ಬರೆದವರಲ್ಲಿ ಎಲ್ಲರೂ ಹೇಳುವ ಹೆಸರು ಆಂಥನಿ ಟ್ರಾಲಪ್. 19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ, ಅಂಚೆ ಇಲಾಖೆಯಲ್ಲಿ ನೌಕರಿ. ಬೆಳಗ್ಗೆ 5.30ಕ್ಕೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದ. ಹೀಗೆ 47 ಕಾದಂಬರಿ. ನನಗೂ ಈ ಕಥೆ ಹತ್ತು ಸಲ ಹೇಳಿದ್ದಾರೆ. ಯಾರೂ ಹೇಳದ ಭಾಗ ಒಂದಿದೆ, ಅದನ್ನು ಟ್ರಾಲಪ್ಪನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವನನ್ನು ಎಬ್ಬಿಸಲು ಒಬ್ಬ ಮುದಿ ಆಳು ಇದ್ದ. ವರ್ಷಕ್ಕೆ 5 ಪೌಂಡ್ ಜಾಸ್ತಿ ಸಂಬಳ, ಒಂದು ದಿನವೂ ತಪ್ಪಿಸದೆ ಕಾಫಿ ತಂದು ಎಬ್ಬಿಸುವುದಕ್ಕೆ. ತನ್ನ ಯಶಸ್ಸಿಗೆ ಬೇರೆ ಯಾರಿಗಿಂತ ಹೆಚ್ಚಾಗಿ ಅವನಿಗೇ ಋಣಿಯೇನೋ ಅಂತ ಟ್ರಾಲಪ್ ಒಪ್ಪಿಕೊಳ್ಳುತ್ತಾನೆ. ಟ್ರಾಲಪ್ ಐದೂವರೆಗೆ ಕೂರಬೇಕಾದರೆ ಆ ಮುದುಕ ಎಷ್ಟು ಗಂಟೆಗೆ ಏಳುತ್ತಿದ್ದ? ಅವನ ಬ್ಯಾಲೆನ್ಸ್ ಕಥೆ ಏನು? ನಾನು ವೇದಿಕೆ ಮೇಲೆ ನುಂಗಿದ್ದು ಅತ್ತೆಯ ಮಂಡಿಯನ್ನ. ಟ್ರಾಲಪ್ ನನಗಿಂತ ಮರ್ಯಾದಸ್ಥ.

ಇನ್ನು "ಬೆಳವಣಿಗೆ". ಕಲಾವಿದೆಯಾಗಿ ನಾನು ಬೆಳೆದ ಬಗೆಯನ್ನು ಒಬ್ಬರು ವಿಮರ್ಶೆಯಲ್ಲಿ ಬರೆದಿದ್ದರು. ಮೊದಲು ಜಲವರ್ಣದಲ್ಲಿ ಮೃದುವಾಗಿದ್ದವಳು, ಬರುಬರುತ್ತಾ ಕಪ್ಪು ಇಂಕಿನ ಗೆರೆಗಳ ಕಡೆ ಬಂದೆನಂತೆ, ಅದು ಪ್ರಬುದ್ಧತೆಯಂತೆ. ಓದಿ ಗಂಡನೂ ನಾನೂ ಬಿದ್ದು ಬಿದ್ದು ನಕ್ಕೆವು. ನಡೆದದ್ದು ಇಷ್ಟೇ. ಜಲವರ್ಣದಲ್ಲಿ ದೊಡ್ಡ ಆಕಾಶ ಬಳಿಯಬೇಕಾದರೆ ಕಾಗದ ಒದ್ದೆ ಇರುವಾಗಲೇ ಮೇಲಿಂದ ಕೆಳಗಿನವರೆಗೆ ಒಂದೇ ಉಸಿರಲ್ಲಿ ಮುಗಿಸಬೇಕು. ನಡುವೆ ಎದ್ದರೆ ನಿಲ್ಲಿಸಿದ ಜಾಗದಲ್ಲಿ ಗಡುಸಾದ ಅಂಚು ಕೂರುತ್ತದೆ. ಅರ್ಧ ಒಣಗಿದ ಮೇಲೆ ಬಂದು ಸರಿ ಮಾಡೋಣ ಅಂತ ಒದ್ದೆ ಬ್ರಶ್ ಇಟ್ಟಿರೋ, ಹೊಸ ನೀರು ಹಳೆ ಬಣ್ಣವನ್ನು ತಳ್ಳಿಕೊಂಡು ಹೋಗಿ ಹೂಕೋಸಿನ ಆಕಾರದ ಕಲೆ ಎದ್ದುಬಿಡುತ್ತದೆ. ಅದನ್ನು ಅಳಿಸಲು ಬರುವುದಿಲ್ಲ. ಮಗಳು ಸರಿಯಾಗಿ ಆಕಾಶದ ಮಧ್ಯದಲ್ಲೇ ಅಳುತ್ತಿದ್ದಳು. ಯಾವ ದೇವರು ಹೇಳಿಕೊಟ್ಟಿದ್ದನೋ. ಒಂದು ವಾರದಲ್ಲಿ ಆರು ಹಾಳೆ ಹಾಳಾದವು, ಹತ್ತಿಯ ಕಾಗದ, ಅದರ ಬೆಲೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಏಳನೆಯದಕ್ಕೆ ಬಣ್ಣ ಮುಚ್ಚಿಟ್ಟು ಪೆನ್ನು ತೆಗೆದುಕೊಂಡೆ. ಗೆರೆ ಅರ್ಧಕ್ಕೆ ಬಿಟ್ಟರೆ ಕಾಯುತ್ತದೆ. ಬಂದು ಮುಂದುವರಿಸಬಹುದು. ಇದೇ ನನ್ನ ಪ್ರಬುದ್ಧತೆ.

ಇದು ನನ್ನೊಬ್ಬಳ ಕಥೆಯಲ್ಲ. ಕೆನಡಾದ ಲೇಖಕಿ ಆಲಿಸ್ ಮನ್ರೋ ಕಾದಂಬರಿ ಬರೆಯಬೇಕೆಂದೇ ಹೊರಟವರು. ಮಕ್ಕಳು ಮಲಗಿದ ಹೊತ್ತಿನಲ್ಲಿ ಮುಗಿಯುವಂಥದ್ದು ಸಣ್ಣಕಥೆ ಮಾತ್ರ, ಹಾಗಾಗಿ ಸಣ್ಣಕಥೆ. ಮೊದಲ ಸಂಕಲನ 1968ರಲ್ಲಿ ಬಂದಾಗ ಅವರಿಗೆ 37. 2013ರಲ್ಲಿ ಆ ಸಣ್ಣಕಥೆಗಳಿಗೇ ನೊಬೆಲ್ ಬಂತು. ಶಿಲ್ಪಿ ರೂತ್ ಅಸಾವಾಗೆ ಆರು ಮಕ್ಕಳು. 1947ರಲ್ಲಿ ಮೆಕ್ಸಿಕೋದಲ್ಲಿ ತಂತಿಯನ್ನು ಕುಣಿಕೆ ಕುಣಿಕೆಯಾಗಿ ಹೆಣೆಯುವುದನ್ನು ಕಲಿತರು, ಬುಟ್ಟಿ ಮಾಡುವವರ ವಿದ್ಯೆ ಅದು. ಮನೆಯಲ್ಲಿ ನೆಲದ ಮೇಲೆ ಕೂತು ಹೆಣೆಯುತ್ತಿರುವ ಅವರ ಫೋಟೋ ಇದೆ, ಸುತ್ತ ಮಕ್ಕಳು ತಮ್ಮ ಪಾಡಿಗೆ ತಾವಿದ್ದಾರೆ. ನಾನು ಆ ಫೋಟೋದಲ್ಲಿ ಮೊದಲು ನೋಡಿದ್ದು ಶಿಲ್ಪವನ್ನಲ್ಲ, ಆ ಕೆಲಸದ ಗುಣವನ್ನ. ಯಾವ ಕುಣಿಕೆಯಲ್ಲಿ ಬೇಕಾದರೂ ಕೈಬಿಟ್ಟು ಏಳಬಹುದು.

ಹಾಗಂತ ಇದನ್ನು ಚಂದದ ಕಥೆ ಮಾಡಬೇಡಿ. ಆಕಾಶ ನನಗೆ ತುಂಬಾ ಇಷ್ಟವಿತ್ತು.

ನನಗೆ ಬೇರೆ ಪ್ರಶ್ನೆ ಬೇಕು. ಒಂದು ಮುದಿ ಆಮೆಯ ಪುಸ್ತಕ ಮಾಡಿದ್ದೇನೆ, ಇಂಕಿಗೆ ಬಂದಮೇಲೆ ಮೊದಲನೆಯದು. ಆಮೆಯ ಬೆನ್ನ ಮೇಲೆ ದೊಡ್ಡ ಫಲಕಗಳು ಸಾಮಾನ್ಯವಾಗಿ 13 ಇರುತ್ತವೆ, ನಡುವೆ ಐದು, ಅಕ್ಕಪಕ್ಕ ನಾಲ್ಕು ನಾಲ್ಕು. ಪುಸ್ತಕದ ನಡುವಿನ ಎರಡು ಪುಟ ತುಂಬಾ ಬರೀ ಆ ಬೆನ್ನು. ಗಮನಿಸಿದರೆ ಒಂದೊಂದು ಫಲಕದಲ್ಲಿ ಗೆರೆಗಳು ಒಂದೊಂದು ದಿಕ್ಕಿಗೆ ಓಡುತ್ತವೆ. ಒಂದರಲ್ಲಿ ಗೆರೆ ನವಿರಾಗಿವೆ, ಇನ್ನೊಂದರಲ್ಲಿ ಒರಟು, ಕೆಳಗಿನ ಎಡದ್ದರಲ್ಲಂತೂ ನಡುಗಿವೆ. ಯಾಕೆ ಅಂತ ಕೇಳಿ ಸ್ವಾಮಿ! ಒಂದು ಸಲಕ್ಕೆ ಒಂದೇ ಫಲಕ ಆಗುತ್ತಿತ್ತು. ಹದಿಮೂರು ಸಲ ಕೂತಿದ್ದೇನೆ. ನಡುಗಿದ್ದು ಮಗಳಿಗೆ ಜ್ವರ ಬಂದ ದಿನದ್ದು, ಅವಳು ತೊಡೆ ಮೇಲೆ ಮಲಗಿದ್ದಳು, ಉಸಿರಾಡಿದಾಗಲೆಲ್ಲಾ ನನ್ನ ಮೊಣಕೈ ಏರುತ್ತಿತ್ತು. ನವಿರಾದದ್ದು ಅವಳು ಅಜ್ಜಿಯ ಜೊತೆ ಹೊರಗೆ ಹೋಗಿದ್ದ ಮಧ್ಯಾಹ್ನದ್ದು. ಮೊದಲು ಇದು ಎಡವಟ್ಟು ಅನಿಸಿತ್ತು. ಆಮೇಲೆ ನೋಡಿದರೆ ನೂರು ವರ್ಷದ ಬೆನ್ನು ಹಾಗೇ ಇರಬೇಕು ಅನಿಸಿತು, ಬಿಟ್ಟೆ. ಈ ಬಗ್ಗೆ ಒಂದು ಗಂಟೆ ಮಾತಾಡಬಲ್ಲೆ. ಯಾರೂ ಕೇಳಿಲ್ಲ. ಗೆಳತಿಯರೂ ಕೇಳಿಲ್ಲ.

ಸರಿ, ಪ್ರಾಮಾಣಿಕತೆ ಶುರುವಾಗಿದೆ, ಇದನ್ನೂ ಹೇಳಿಬಿಡುತ್ತೇನೆ. ಮಗಳಿಗೆ ಮೂರು ವರ್ಷ ಇದ್ದಾಗ ದೂರದ ಒಂದು ಕಡೆಯಿಂದ ಕರೆ ಬಂತು. ಮೂರು ತಿಂಗಳು ಅಲ್ಲೇ ಇದ್ದು ಚಿತ್ರ ಬರೆಯುವುದು, ಊಟ ವಸತಿ ಅವರದೇ, ಬೇರೆ ಜವಾಬ್ದಾರಿಯಿಲ್ಲ. ನಾನು ಹೋಗಲಿಲ್ಲ. ಎಲ್ಲರಿಗೂ "ಮಗು ಚಿಕ್ಕದು" ಅಂದೆ. ಜನ ತಲೆಯಾಡಿಸಿದರು. ಕೆಲವರು ತ್ಯಾಗ ಅಂದರು. ನಾನು ಬೇಡ ಅನ್ನಲಿಲ್ಲ. ನಿಜ ಏನೆಂದರೆ ಗಂಡ ಅವತ್ತೇ "ಹೋಗು, ನಾನು ರಜೆ ಹಾಕಿ ನೋಡ್ಕೋತೀನಿ" ಅಂದಿದ್ದ, ಸುಮ್ನೆ ಬಾಯಿಮಾತಿಗಲ್ಲ, ರಜೆಯ ಲೆಕ್ಕವನ್ನೂ ತೆಗೆದಿದ್ದ. ಮಗಳು ಅಪ್ಪನ ಜೊತೆ ಆರಾಮಾಗಿರುತ್ತಿದ್ದಳು. ನನಗೆ ಭಯವಾಯಿತು. ಮೂರು ತಿಂಗಳು, ಇಡೀ ದಿನ, ಯಾರೂ ಕರೆಯುವುದಿಲ್ಲ, ಆಗಲೂ ಚಿತ್ರ ಸಾಧಾರಣವಾಗಿಯೇ ಬಂದರೆ? ಮನೆಯಲ್ಲಿದ್ದರೆ ಕೆಟ್ಟ ಚಿತ್ರಕ್ಕೆ ಕಾರಣ ಇರುತ್ತದೆ. ಅಲ್ಲಿ ಕಾರಣ ನಾನೊಬ್ಬಳೇ. ಮೂರು ವರ್ಷದ ಮಗುವಿನ ಹಿಂದೆ ಅಡಗಿಕೊಂಡೆ. ಇದನ್ನು ಗಂಡನಿಗೆ ಹೇಳಿದ್ದು ಕಳೆದ ವರ್ಷ. "ಗೊತ್ತಿತ್ತು" ಅಂದ. ಅದಕ್ಕೂ ನನಗೆ ಸಿಟ್ಟು ಬಂತು.

ಹಾಗಾಗಿ ಯಾರಾದರೂ "ಮಕ್ಕಳಿಗೋಸ್ಕರ ಕಲೆ ಬಿಟ್ಟೆ" ಅಂದಾಗ ನಾನು ಪೂರ್ತಿ ನಂಬುವುದಿಲ್ಲ. ಪೂರ್ತಿ ಅಲ್ಲಗಳೆಯುವುದೂ ಇಲ್ಲ. ಬಿಡಲೇಬೇಕಾದವರು ಬೇಕಾದಷ್ಟು ಜನ ಇದ್ದಾರೆ, ಅತ್ತೆಯೂ ಇಲ್ಲದೆ, ರಜೆಯ ಲೆಕ್ಕ ತೆಗೆಯುವ ಗಂಡನೂ ಇಲ್ಲದೆ.

ಎರಡನೇ ಮಗು ಯಾವಾಗ ಅನ್ನುವವರಿಗೆ: ಇಲ್ಲ. ಕಾರಣ ನಿಮಗೆ ಬೇಕಿಲ್ಲ.

"ಆತುರ ಯಾಕೆ, ಎಂ.ಕೆ. ಇಂದಿರಾ ಬರೆಯೋಕೆ ಶುರು ಮಾಡಿದ್ದೇ ನಲವತ್ತು ದಾಟಿದ ಮೇಲೆ" ಅಂತ ಸಮಾಧಾನ ಹೇಳುವವರಿಗೆ: ಗೊತ್ತು. 1917ರಲ್ಲಿ ಹುಟ್ಟಿದವರು, ಹನ್ನೆರಡಕ್ಕೆ ಮದುವೆ, ಮೊದಲ ಕಾದಂಬರಿ 1963ರಲ್ಲಿ. ಆಮೇಲೆ ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. ನಮ್ಮಮ್ಮ ಅವರ ಪುಸ್ತಕಗಳನ್ನು ಬಿಡದೆ ಓದುತ್ತಿದ್ದಳು, ನಾನೂ ಓದಿದ್ದೇನೆ. ಆದರೆ ಅವರನ್ನು ನನ್ನ ಮುಂದೆ ತಂದು ನಿಲ್ಲಿಸುವವರು ಹೇಳುತ್ತಿರುವುದು "ನೀನೂ ಕಾಯಿ" ಅಂತ. ಕಾದು ಕೂತು ಆಮೇಲೆ ಬರೆಯದೇ ಹೋದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ, ಹೇಗೆ ಬರಬೇಕು?

ಫೋನಿಗೆ ವಾಪಸ್ ಬರುತ್ತೇನೆ. ಆ ಹುಡುಗಿಗೆ ಎಲ್ಲಾ ಹೇಳಿದೆ. ಹನ್ನೊಂದು ದಿನ, ಅತ್ತೆ, ಬಿಟ್ಟುಕೊಟ್ಟ ನಾಲ್ಕು ಪುಸ್ತಕ. ಅವಳಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹಾಗಾದ್ರೆ ನಾನು ಮಗು ಮಾಡಿಕೊಳ್ಳಬೇಕಾ, ಬೇಡವಾ?" ಅಂದಳು.

"ನನಗೇನಮ್ಮಾ ಗೊತ್ತು" ಅಂದೆ. ಒರಟಾಯಿತು. ಅದನ್ನು ಮುಚ್ಚಿಹಾಕಲು, ಬೇರೆ ಏನೂ ತೋಚದೆ, "ಕಾದಂಬರಿ ಯಾವುದರ ಬಗ್ಗೆ?" ಅಂತ ಕೇಳಿದೆ.

ಗಡಿಯಾರ ರಿಪೇರಿ ಮಾಡುವ ಒಬ್ಬ ಮುದುಕನ ಬಗ್ಗೆಯಂತೆ. ಆರನೇ ಅಧ್ಯಾಯ ಬರೆಯುವಾಗ ಅವನು ಎಡಚ ಅಂತ ಅವಳಿಗೆ ಗೊತ್ತಾಯಿತಂತೆ. ಈಗ ಹಿಂದಿನ ಐದೂ ಅಧ್ಯಾಯದಲ್ಲಿ ಅವನು ಸ್ಕ್ರೂಡ್ರೈವರ್ ಹಿಡಿದ ಕಡೆಯೆಲ್ಲಾ ಕೈ ಬದಲಾಯಿಸಬೇಕು, ಅವನು ಕೂರುವ ಕುರ್ಚಿ ಕಿಟಕಿಯ ಇನ್ನೊಂದು ಪಕ್ಕಕ್ಕೆ ಬರಬೇಕು, ಇಲ್ಲದಿದ್ದರೆ ಕೆಲಸದ ಮೇಲೆ ಅವನದೇ ಕೈಯ ನೆರಳು ಬೀಳುತ್ತದೆ. ಕುರ್ಚಿ ಆ ಪಕ್ಕಕ್ಕೆ ಹೋದರೆ ಬಾಗಿಲಲ್ಲಿ ಬರುವವರು ಅವನಿಗೆ ಕಾಣುವುದಿಲ್ಲ, ಹಾಗಾಗಿ ಎರಡನೇ ಅಧ್ಯಾಯದಲ್ಲಿ ಮಗ ಬಂದು ನಿಂತಿದ್ದು ಗೊತ್ತಾಗಬಾರದು, ಆ ಜಗಳವೇ ಬೇರೆ ಥರ ಆಗಬೇಕು. ನಲವತ್ತು ನಿಮಿಷ ಮಾತಾಡಿದಳು. ನಾಲ್ಕು ಗಂಟೆಯ ಸುದ್ದಿಯೇ ಬರಲಿಲ್ಲ.