ಚೂರಾದ ತೊಡೆದೇವು

ಹುಬ್ಬಳ್ಳಿಗೆ ಕಳಿಸಿದ ತೊಡೆದೇವಿನ ಡಬ್ಬಿಯ ಫೋಟೋ ಇವತ್ತು ವಾಟ್ಸಾಪಿಗೆ ಬಂತು. 20ರಲ್ಲಿ 13 ಚೂರು ಚೂರು. ಎದೆ ಧಸಕ್ ಅಂತು.

ತೊಡೆದೇವು ಅಂದರೆ ಕಾಗದದಷ್ಟು ತೆಳುವಾದ ಸಿಹಿ ತಿಂಡಿ. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು, ಬೋರಲು ಹಾಕಿದ ಬಿಸಿ ಮಡಕೆ ಮೇಲೆ ಬಟ್ಟೆಯಲ್ಲಿ ಒಂದೇ ಸಲ ತೊಡೆಯಬೇಕು. ಆಯಿಗೆ ಅದು ಸಲೀಸು. ನನ್ನದು ಇನ್ನೂ ಒಂದು ಕಡೆ ದಪ್ಪ, ಒಂದು ಕಡೆ ತೂತು. ಅಂಥದ್ದನ್ನು ಶಿರಸಿಯಿಂದ ಬಸ್ಸಿಗೆ ಹಾಕಿದ್ದೇ ದೊಡ್ಡ ಧೈರ್ಯ ಅನ್ನಿ.

ದುಡ್ಡು ವಾಪಸ್ ಕೊಡ್ತೇನೆ ಅಂತ ಫೋನ್ ಮಾಡಿದೆ. ಆ ಕಡೆಯ ಅಜ್ಜಿ ನಕ್ಕರು.

"ಹೆಂಗೂ ಹಾಲು ತುಪ್ಪದಾಗ ಮುರದ ತಿನ್ನೋದಲ್ಲೇನವ್ವಾ? ಮುಂದಿನ ಸಲ ಚೂರನ್ನ ಕಳಸು. ರೊಕ್ಕ ಸ್ವಲ್ಪ ಕಡಿಮಿ ಹಚ್ಚು."

ಆರು ತಿಂಗಳಿಂದ ಒಂದೂ ಮುರಿಯದಂಥ ಡಬ್ಬಿ ಹುಡುಕುತ್ತಿದ್ದೇನೆ. ರಟ್ಟು, ಬಬಲ್ ಶೀಟು, ಕೊನೆಗೆ ಬಾಳೆಪಟ್ಟೆ ಕೂಡ! ಚೂರೆಲ್ಲ ಮನೆಯವರ ಹೊಟ್ಟೆಗೆ. ಲೆಕ್ಕದ ಪುಸ್ತಕದಲ್ಲಿ ಅದು 'ನಷ್ಟ'. ಕೊಳ್ಳುವವರನ್ನು ಒಂದು ಮಾತು ಕೇಳಿರಲಿಲ್ಲ. ಸುಮ್ನೆ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಸಂಜೆ ಆಯಿಗೆ ಹೇಳಿದೆ. ಮಡಕೆಯಿಂದ ಕಣ್ಣು ತೆಗೆಯದೆ ಅಂದಳು:

"ಹಂಗಾರೆ ನೀ ತೊಡೆದಿದ್ದೆಲ್ಲ ಆ ಚೂರಿನ ಡಬ್ಬಿಗೇ ಹಾಕು."